ಧೂಳಿಗೆ ಚೆಲ್ಲಿದ ಎಣ್ಣೆ

ರೋಹಿಣಿ ಮಳೆ ಜೋರಾಗಿ ಬಿದ್ದ ಮರುದಿನ, ಹೊತ್ತು ಹುಟ್ಟುವಾಗ, ಬಂಡ್ರಿಯ ಎರ್ರಮ್ಮ ಅಂಗಳದ ಬಾವಿಯಿಂದ ಕೊಡ ಎಳೆದಳು. ನೀರಿನ ಮೇಲೆ ನವಿಲುಗರಿಯ ಬಣ್ಣದ ಎಣ್ಣೆ ಹರಡಿತ್ತು. ಅಂಗೈಯಿಂದ ಒತ್ತರಿಸಿದಳು, ಸರಿದ ಎಣ್ಣೆ ಮತ್ತೆ ಬಂದು ಕೂಡಿಕೊಂಡಿತು.

ಬೇಸಿಗೆಯೆಲ್ಲ ಅದಿರು ಲಾರಿಗಳ ಕೆಂಪು ಧೂಳಿಗೆ ಮೊಮ್ಮಗಳು ಕೆಮ್ಮಿ ಕೆಮ್ಮಿ ಸೊರಗಿದ್ದಳು. "ಕೂಸಿಗೆ ಉಸಿರಾಡಾಕ ಆಗವಲ್ದು ಅತ್ತಿ, ನಾ ಕಂಪ್ಲಿಗೆ ಹೊಕ್ಕೀನಿ" ಎಂದು ಸೊಸೆ ಹೇಮಾವತಿ ತವರಿಗೆ ಹೊರಡಲು ಗಂಟು ಕಟ್ಟಿದ್ದಳು. ಅವರನ್ನು ಉಳಿಸಿಕೊಳ್ಳಲೆಂದೇ ಎರ್ರಮ್ಮ ಗ್ಯಾರೇಜಿನ ಜಂಬಪ್ಪನ ಬಳಿ ಹೋಗಿ, ಲಾರಿಗಳಿಂದ ಇಳಿಸಿದ ಸುಟ್ಟ ಆಯಿಲ್ ಕೇಳಿದ್ದಳು.

"ಹಳ್ಳಕ್ಕ ಸೇರಬಾರದಂತ ಡ್ರಮ್ಮಿನಾಗ ಹಿಡಿದಿಟ್ಟೀನಿ ಯವ್ವಾ. ನೆಲಕ್ಕ ಹಾಕಬ್ಯಾಡ್ರಿ."

"ನಿನ್ನ ಡ್ರಮ್ಮಿಗೆ ಕೆಮ್ಮು ಬರಂಗಿಲ್ಲಲೇ, ನನ್ನ ಕೂಸಿಗೆ ಬರತೈತಿ!"

ತಂದು ಅಂಗಳಕ್ಕೆಲ್ಲ ಚೆಲ್ಲಿದಳು. ಧೂಳು ಕೂತಿತು, ಕೂಸಿನ ಕೆಮ್ಮು ಇಳಿಯಿತು, ಸೊಸೆ ಗಂಟು ಬಿಚ್ಚಿದಳು. ಈಗ ಮಳೆ ಆ ಅಂಗಳವನ್ನು ತೊಳೆದು ಎಣ್ಣೆಯನ್ನು ಬಾವಿಗೆ ಇಳಿಸಿತ್ತು.

ಹೇಮಾವತಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಾವಿಕಟ್ಟೆಗೆ ಬಂದಳು. "ಏನೈತ್ರಿ ಅತ್ತಿ ಕೊಡದಾಗ?"

"ಏನಿಲ್ಲ ಬಿಡವ್ವಾ, ಸೋಸಿದ್ರ ಆತು" ಎಂದು ಎರ್ರಮ್ಮ ಕೊಡದ ಬಾಯಿಗೆ ಕೈ ಅಡ್ಡ ಇಟ್ಟಳು. ಸೊಸೆ ಆ ಕೈಯನ್ನು ಮೆಲ್ಲಗೆ ಸರಿಸಿ, ಬಗ್ಗಿ ನೀರು ಮೂಸಿದಳು. ಕೂಸಿನ ತುಟಿಯನ್ನು ಸೆರಗಿನಿಂದ ಒರೆಸುತ್ತ ಒಳಗೆ ಹೋದಳು.

ಶುಕ್ರವಾರ ಸೊಸೆಯನ್ನು ಹೊಸ್ತಿಲು ದಾಟಿಸಿ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಕೂಸನ್ನು ಎತ್ತಿಕೊಂಡು ಹೇಮಾವತಿ ಕಂಪ್ಲಿಗೆ ಹೊರಟದ್ದು ಶುಕ್ರವಾರವೇ. ಎರ್ರಮ್ಮ ತಡೆಯಲಿಲ್ಲ.