ಮಗ್ಗದ ಮನೆಯ ಕಾರು

ವಾಷಿಂಗ್ ಮಷೀನಿನ ಜಾಲರಿಯಿಂದ ಒದ್ದೆ ನೂಲಿನ ಜುಂಗು ಬಿಡಿಸುವಾಗಲೆಲ್ಲ ನನಗೆ ಮಾಕಳಿದುರ್ಗದ ಆ ಏರು ನೆನಪಾಗುತ್ತದೆ.

ನೆಂಟರ ಮನೆಯಲ್ಲಿ ಅಮ್ಮನಿಗೆ ಉಬ್ಬಸ ಹೆಚ್ಚಾಗಿ, ಮಧ್ಯಾಹ್ನವೇ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊರಟಿದ್ದೆವು. ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡಿದ ನಮ್ಮ ಹಳೆಯ ಕಾರು ಏರಿನಲ್ಲಿ ಕಪ್ಪು ಹೊಗೆ ಕಾರಿ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮನ ಎದೆ ಸಿಳ್ಳೆ ಹಾಕುತ್ತಿತ್ತು. ಅವಳ ತಣ್ಣನೆಯ ಬೆರಳುಗಳನ್ನು ನಾನು ಉಜ್ಜುತ್ತಲೇ ಇದ್ದೆ.

“ತುಳಿದಷ್ಟೂ ಉಸಿರು ಕಟ್ಕೊಳ್ತೈತಲ್ಲ ಭಾವ! ಪೆಟ್ರೋಲ್ ಬರ್ತೈತಾ?” ಎಂದರು ಕಾರು ಓಡಿಸುತ್ತಿದ್ದ ಸೋದರಮಾವ.

“ವಾಸ್ನೆ ಹೊಡೀತಿಲ್ವೇನೋ? ಏರ್ ಫಿಲ್ಟರ್ ಬಿಚ್ಚು, ಬೇಗ!” ಅಪ್ಪ ಇಳಿದು ಬಾನೆಟ್ ಎತ್ತಿದರು.

ಬಿಚ್ಚಿದರೆ, ಒಳಗೆಲ್ಲ ಕಂಬಳಿಯಂತೆ ಮೆತ್ತಿಕೊಂಡ ನೂಲಿನ ಧೂಳು. ಬಿಸಿಲು ತಾಗಬಾರದೆಂದು ಅಪ್ಪ ಕಾರನ್ನು ಮಗ್ಗದ ಮನೆಯೊಳಗೇ ನಿಲ್ಲಿಸಿ, ದಿನಾ ಬೆಳಿಗ್ಗೆ ಅಲ್ಲೇ ಇಂಜಿನ್ ಬಿಸಿ ಮಾಡುತ್ತಿದ್ದರು.

“ಇಷ್ಟು ಧೂಳು ಕುಡಿದ್ರೆ ಯಾವ ಇಂಜಿನ್ ತಡ್ಕೊಳ್ತೈತೆ ಭಾವ?”

ಅಪ್ಪ ಆ ಧೂಳನ್ನು ಕೈಯಿಂದಲೇ ಬಳಿದು ತೆಗೆದರು. ಅಮ್ಮ ಆ ವಾರ ನೇಯುತ್ತಿದ್ದ ಸೀರೆಯ ನವಿಲುಬಣ್ಣ ಅವರ ಅಂಗೈಗೆ ಅಂಟಿತ್ತು.

ಫಿಲ್ಟರ್ ತೆಗೆದಿಟ್ಟ ಮೇಲೆ ಕಾರು ಏರು ಹತ್ತಿತು. ಅಮ್ಮ ಉಳಿದಳು.

ಮರುದಿನದಿಂದ ಅಪ್ಪ ಕಾರನ್ನು ಹೊರಗೆ, ಬೇವಿನ ಮರದಡಿ ನಿಲ್ಲಿಸತೊಡಗಿದರು. ಆಸ್ಪತ್ರೆಯಿಂದ ಬಂದ ಅಮ್ಮ ಸೆರಗು ಸಿಕ್ಕಿಸಿಕೊಂಡು ಮತ್ತೆ ಮಗ್ಗದ ಮುಂದೆ ನಿಂತಳು.