ಎರಡು ಬದಿಯ ಮೇಜು

ಒಣಗಿಸಿದ ಹಂದಿಮಾಂಸದ ತುಂಡು ಮತ್ತೆ ಚಿಕ್ಕದಾಗಿತ್ತು.

ಯೂಲಾಲಿ ಬರೆಯುವ ಮೇಜಿನ ಗುಟ್ಟಿನ ಖಾನೆಯನ್ನು ಫಟ್ಟನೆ ಮುಚ್ಚಿ, ಎದುರು ನಿಂತಿದ್ದ ಬಡಗಿ ಗಿಸ್ಲೇನನನ್ನು ದುರುಗುಟ್ಟಿ ನೋಡಿದಳು. ಬೀಗಕ್ಕೆ ಎಣ್ಣೆ ಹಾಕಿಸುವ ನೆಪದಲ್ಲಿ ಅವನನ್ನು ಕರೆಸಿದ್ದಳು.

“ಈ ಖಾನೆ ತೆಗೆಯೋದು ಗೊತ್ತಿರೋದು ಇಬ್ಬರಿಗೇ. ಮಾಡಿದ ನಿನಗೆ, ಬಳಸೋ ನನಗೆ. ನಾನಂತೂ ಇಷ್ಟು ತಿಂದಿಲ್ಲ.”

“ಅಮ್ಮಾವ್ರೇ, ಮೇಜು ಇಟ್ಟು ಹೋದವನು ಇವತ್ತೇ ನಾನು ಈ ಮನೆ ಮೆಟ್ಟಿಲು ಹತ್ತಿದ್ದು!”

“ಹಾಗಾದ್ರೆ ಇಲಿ ಬಂದು ಚಾಕು ಹಿಡಿದು ಕೊಯ್ಕೊಂಡು ಹೋಯ್ತಾ?”

ಕೊಯ್ದ ಅಂಚು ನಿಜಕ್ಕೂ ನೀಟಾಗಿತ್ತು.

ಕ್ರೈಸ್ತರ ಉಪವಾಸದ ತಪಸ್ಸುಕಾಲ. ಈಸ್ಟರ್ ಹಬ್ಬದವರೆಗೆ ಪ್ಯಾರಿಸ್ಸಿನಲ್ಲಿ ಯಾರೂ ಮಾಂಸ ಮುಟ್ಟುವಂತಿಲ್ಲ. ಯೂಲಾಲಿಯ ಗಂಡ ತೆವೆನಾರ್ ಚರ್ಚಿನ ಧರ್ಮದರ್ಶಿ. ಮನೆಯಲ್ಲಿ ಬೇಳೆಯ ಗಂಜಿ ಬಿಟ್ಟರೆ ಒಣಮೀನು, ಒಣಮೀನು ಬಿಟ್ಟರೆ ಬೇಳೆಯ ಗಂಜಿ. ಅಷ್ಟರಲ್ಲೂ ಅವನ ಕೆನ್ನೆ ಮಾತ್ರ ಮಿರುಗುತ್ತಿತ್ತು. ಅದು ಭಕ್ತಿಯ ಕಳೆ ಎಂದು ಪಾದ್ರಿಗಳೇ ಹೊಗಳಿದ್ದರು. ಹೋದ ವರ್ಷ ಉಪವಾಸದಲ್ಲಿ ಬೆಣ್ಣೆ ನೆಕ್ಕಿದ ತಪ್ಪಿಗೆ ತಂಗಿಯನ್ನೇ ಹಬ್ಬದವರೆಗೆ ಕನ್ಯಾಮಠಕ್ಕೆ ಅಟ್ಟಿದ್ದ. ಮಾಂಸದ ಸುದ್ದಿ ತಿಳಿದರೆ ಹೆಂಡತಿಯನ್ನು ಬಿಟ್ಟಾನೆಯೇ?

“ಅಡುಗೆಯವಳು ಇರಬಹುದಾ?” ಎಂದ ಗಿಸ್ಲೇನ್.

“ಅವಳನ್ನ ಈ ಕೋಣೆಗೇ ಬಿಡಲ್ಲ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಇಲ್ಲೇ ಪ್ರಾರ್ಥನೆಗೆ ಕೂರೋದು. ಮೇಜಿನ ಆ ಬದಿಗೆ.”

ಗಿಸ್ಲೇನ್ ಆ ಬದಿಗೆ ನೋಡಿದ. ಅವನ ಮುಖ ಬಿಳುಚಿತು.

“ಏನು, ನೆನಪಾಯ್ತಾ ಕದ್ದಿದ್ದು?”

“ಒಬ್ಬ ಗಿರಾಕಿಯ ಗುಟ್ಟು ಇನ್ನೊಬ್ಬರಿಗೆ ಹೇಳಲ್ಲ ಅಂತ ನಮ್ಮ ಕಸುಬಿನಲ್ಲಿ ಆಣೆ ಇದೆ, ಅಮ್ಮಾವ್ರೇ.”

“ಇಲ್ಲಿ ಇನ್ನೊಬ್ಬ ಗಿರಾಕಿ ಎಲ್ಲಿಂದ ಬಂದ?”

ಅಷ್ಟರಲ್ಲಿ ಬಾಗಿಲು ತೆರೆಯಿತು. ವಿಗ್ಗು ವಾರೆಯಾಗಿದ್ದ ತೆವೆನಾರ್ ಒಳಗೆ ಬಂದವನೇ ಬಡಗಿಯ ಎರಡೂ ಕೈ ಹಿಡಿದುಕೊಂಡ.

“ನೀನೂ ಇದ್ದೀಯಲ್ಲ, ಒಳ್ಳೇದೇ ಆಯ್ತು! ಯೂಲಾಲಿ, ಇನ್ನು ಮುಚ್ಚಿಡೋಕಾಗಲ್ಲ ಕಣೇ. ಈ ಮೇಜು ಮಾಡಿಸುವಾಗ ನನ್ನ ಬದಿಗೂ ಒಂದು ಗುಟ್ಟಿನ ಖಾನೆ ಮಾಡಿಸ್ಕೊಂಡಿದ್ದೆ. ಉಪವಾಸದ ಮೊದಲನೇ ವಾರ ಹಸಿವು ತಾಳಲಾರದೆ ದೇವರ ಮುಂದೆ ಅತ್ತುಬಿಟ್ಟೆ. ಆಮೇಲೆ ಜಪಮಾಲೆ ಇಡೋಣ ಅಂತ ಖಾನೆ ತೆಗೀತೀನಿ, ಹಂದಿಮಾಂಸ! ಅವತ್ತಿಂದ ದಿನಾ ಒಂದೊಂದು ಚೂರು. ದೇವರೇ ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ?”

ಗಿಸ್ಲೇನ್ ಕೆಮ್ಮಿ, ಯೂಲಾಲಿಯ ಕಿವಿಯ ಬಳಿ ಬಗ್ಗಿದ. “ಈಗ ಹೇಳಬಹುದು. ಇಬ್ಬರೂ ಗುಟ್ಟಾಗಿ ಕೇಳಿದ್ರಿ, ಜಾಗ ಒಂದೇ ಖಾನೆಗಿತ್ತು. ಎರಡೂ ಬದಿಗೆ ತೆರೆಯೋ ಹಾಗೆ ಮಾಡಿಬಿಟ್ಟೆ.”

ಯೂಲಾಲಿ ನಿಧಾನವಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಪವಾಡ! ಹಾಗಾದ್ರೆ ನಾನೂ ತಿನ್ನಬಹುದಾ?”

“ತಿನ್ನಲೇಬೇಕು!” ತೆವೆನಾರ್ ನಿಟ್ಟುಸಿರುಬಿಟ್ಟ. “ಆದ್ರೆ ಒಂದೇ ಕೊರತೆ. ನೆಂಚಿಕೊಳ್ಳೋಕೆ ಅರೆದ ಸಾಸಿವೆ ಇಲ್ಲ.”

ಮರುದಿನ ಬೆಳಿಗ್ಗೆ ಸ್ವರ್ಗದಿಂದ ಸಾಸಿವೆಯೂ ಬಂತು.