ಸರ್ವೋತ್ತಮಣ್ಣನ ಪೋರ್ಚುಗೀಸ್

ಪೋರ್ಚುಗಲ್ಲಿನವರಿಗೇ ತಮ್ಮ ಭಾಷೆಯಲ್ಲಿ ಸಂಶಯ ಬಂದರೆ ಡೊಂಬಿವಲಿ ಪೂರ್ವಕ್ಕೆ ಫೋನ್ ಮಾಡುತ್ತಾರೆ. ಸರ್ವೋತ್ತಮಣ್ಣ ಎತ್ತಿಕೊಳ್ಳುತ್ತಾರೆ. ಅಲ್ಲಿನ ದೊಡ್ಡ ಪ್ರೊಫೆಸರೊಬ್ಬರು ಇವರ ಸ್ನಾನ ಮುಗಿಯುವ ತನಕ ಲೈನಿನಲ್ಲಿ ಕಾದದ್ದೂ ಉಂಟು.

ಅಂಥವರ ಮುಂದೆ ಎದುರು ಫ್ಲ್ಯಾಟಿನ ನಳಿನಾಕ್ಷಿ ಮೊಬೈಲು ಹಿಡಿದು ನಿಂತಿದ್ದಳು. ಸೋಫಾದಲ್ಲಿ ಅವಳ ಅತ್ತೆ ಲೋಲಾಕ್ಷಿ, ಎದೆಯ ಮೇಲೆ ಕೈಯಿಟ್ಟುಕೊಂಡು. ನಳಿನಾಕ್ಷಿಯ ಗಂಡ ದಯಾನಂದ ಆಫ್ರಿಕಾದ ಮಾಪುಟೊದಲ್ಲಿ ಹೋಟೆಲ್ ಅಡುಗೆಯವ. ಜ್ವರ ತಲೆಗೇರಿ ಅಲ್ಲಿನ ಆಸ್ಪತ್ರೆ ಸೇರಿದ್ದ. ಆ ಊರಿನ ಮಾತು ಪೋರ್ಚುಗೀಸ್. ನರ್ಸ್ ದಿನಾ ಕಳಿಸುವ ವಾಯ್ಸ್ ಮೆಸೇಜೂ ಅದರಲ್ಲೇ.

ಮೊಬೈಲೇ ಅನುವಾದ ಮಾಡುವ ಕಾಲ ಇದು, ನಿಜ. ಆದರೆ ಅತ್ತೆಗೆ ಯಂತ್ರದ ಮೇಲೆ ನಂಬಿಕೆಯಿಲ್ಲ, ದೊಡ್ಡವರ ಬಾಯಿಂದಲೇ ಕೇಳಬೇಕಂತೆ ಎಂದು ನಳಿನಾಕ್ಷಿ ಮೊದಲ ದಿನವೇ ಹೇಳಿದ್ದಳು.

ಸರ್ವೋತ್ತಮಣ್ಣ ಠಾಣೆ ಊರಿನ ಹೋಟೆಲಿನ ಗಲ್ಲಾದಲ್ಲಿ ಕೂತೇ ಆ ಭಾಷೆಯನ್ನು ಅರೆದು ಕುಡಿದವರು. ಇಂಗ್ಲಿಷಿನ ಟೇಬಲ್ ಪೋರ್ಚುಗೀಸರಿಗೆ ಮೇಜಾ, ನಮಗೆ ಮೇಜು. ಸೋಪ್ ಎಂದರೆ ಸಬಾಂವ್. ಟವೆಲ್ ತುವಾಲ್ಯಾ. ಬ್ರೆಡ್ ಪಾಂವ್, ಪೊಟೇಟೊ ಬಟಾಟಾ. ಸ್ಟೇಷನ್ನಿನ ಹೊರಗೆ ವಡಾಪಾವ್ ತಿನ್ನುವವರೆಲ್ಲ ಅರ್ಧ ಪೋರ್ಚುಗೀಸರೇ. ಉಳಿದರ್ಧಕ್ಕೆ ಸ್ವಲ್ಪ ಮೂಗಿನಿಂದ ಮಾತಾಡಿದರಾಯಿತು.

ನಳಿನಾಕ್ಷಿ ಮೆಸೇಜ್ ಹಾಕಿದಳು. ಹೆಂಗಸಿನ ದನಿ ಮೆಲ್ಲಗೆ ಏನೋ ಹೇಳಿತು. ಕೊನೆಗೆ, ಎಂದಿನ ಹಾಗೆ, ಸ್ಟೀಲ್ ತಟ್ಟೆ ಬಿದ್ದ ಸದ್ದು. ನಳಿನಾಕ್ಷಿ ಎಂದೂ ಎರಡನೇ ಸಲ ಹಾಕಿದವಳಲ್ಲ.

"ಎಂತ ಹೇಳಿದ್ಲು ಸರ್ವೋತ್ತಮಣ್ಣ?" ಲೋಲಾಕ್ಷಿ ಕೇಳಿದರು.

ಮಗ ಮೇಜಿನ ಮುಂದೆ ಕೂತು ಪಾವ್ ತಿಂದನಂತೆ. ಬಟಾಟೆ ಸಾರಿಗೆ ಉಪ್ಪು ಕಡಿಮೆ ಎಂದು ನರ್ಸಿಗೇ ಅಡುಗೆ ಪಾಠ ಹೇಳಿದನಂತೆ. ತಟ್ಟೆ ಬಿದ್ದದ್ದು ಅದಕ್ಕೇ. ನಿನ್ನೆ ಅದೇ ಸದ್ದು ಔಷಧಿ ಬೇಡವೆಂದು ಕೈ ಕೊಡವಿದ್ದರಿಂದ ಆಗಿತ್ತು, ಮೊನ್ನೆ ಬೆಕ್ಕಿನಿಂದ. ಲೋಲಾಕ್ಷಿ ನಕ್ಕರು. ಹೀಗೆ ಕೇಳಿಸಿಕೊಂಡ ದಿನ ಮಾತ್ರ ಆ ಮುದುಕಿ ಎರಡು ತುತ್ತು ಉಣ್ಣುವುದು. ಮರುದಿನ ಅವರಿಗೆ ಹೃದಯದ ಆಪರೇಷನ್. ಮನಸ್ಸಿಗೆ ಆಘಾತವಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಆ ನಗು ನೋಡಿ ಸರ್ವೋತ್ತಮಣ್ಣನ ನಾಲಿಗೆ ಇನ್ನಷ್ಟು ಉದ್ದವಾಯಿತು. ಬರುವ ವಾರ ವಿಮಾನವಂತೆ, ಹೆಂಡತಿಯನ್ನು ಬಹಳ ಕೇಳಿದನಂತೆ ಎಂದುಬಿಟ್ಟರು. ನಳಿನಾಕ್ಷಿ ಗ್ಯಾಸ್ ಆರಿಸಿ ಬರುತ್ತೇನೆಂದು ಮನೆಗೆ ಹೋದಳು. ಲೋಲಾಕ್ಷಿ ಮಗನಿಗೆ ಬಂಗುಡೆ ಮೀನು ತರಿಸುವ ಮಾತಾಡತೊಡಗಿದರು.

ಸರ್ವೋತ್ತಮಣ್ಣನಿಗೆ ತಾವು ಹೇಳಿದ್ದು ಆಗ ತಲೆಗೆ ಹೋಯಿತು. ಬರುವ ವಾರ ಅವನು ಬಾರದಿದ್ದರೆ? ಎದ್ದು ಎದುರು ಫ್ಲ್ಯಾಟಿಗೆ ಹೋದರು. ಗ್ಯಾಸ್ ಉರಿದ ಗುರುತೇ ಇರಲಿಲ್ಲ. ನಳಿನಾಕ್ಷಿ ಕತ್ತಲೆಯ ಅಡುಗೆಮನೆಯಲ್ಲಿ ಗೋಡೆಗೆ ಹಣೆಯಾನಿಸಿ ನಿಂತಿದ್ದಳು.

ಇನ್ನು ಬಡಾಯಿ ಸಾಕು. ಸರ್ವೋತ್ತಮ ಎಂದರೆ ನಾನೇ. ನನ್ನ ಪೋರ್ಚುಗೀಸ್ ಎಂದರೆ ಮೇಜು, ಸಾಬೂನು, ಪಾವ್, ಅಲ್ಲಿಗೆ ಮುಗಿಯಿತು. ನರ್ಸ್ ಹೇಳಿದ ಒಂದು ಅಕ್ಷರವೂ ನನಗೆ ತಿಳಿದಿರಲಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಭಾಷೆ ಬಲ್ಲ ಯಾರಿಗಾದರೂ ಕೇಳಿಸು ಮಗಾ ಎಂದೆ.

"ನಿಮಗೆ ಬರುವುದಿಲ್ಲ ಅಂತ ಗೊತ್ತಿದ್ದೇ ನಿಮ್ಮ ಹತ್ತಿರ ತಂದದ್ದು ಮಾಮ," ಅವಳು ತಿರುಗದೆಯೇ ಹೇಳಿದಳು. "ದಿನಾ ಕೇಳಿಸಿದ್ದು ಒಂದೇ ಮೆಸೇಜ್, ಅವರು ತೀರಿಹೋದ ದಿನ ಬಂದದ್ದು."